ಮಲೆನಾಡಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆಯ ಕನ್ನಡ ಮಾಧ್ಯಮದ ಹೈಸ್ಕೂಲುಗಳಿಗೆ ಹೊಸದಾಗಿ ಬಂದ ಇಂಗ್ಲಿಷ್ ಮೇಷ್ಟ್ರು, ಮೇಡಂಗಳು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ಅಪ್ಪ-ಅಮ್ಮಂದಿರು ಕೇಳುವ ಕೆಲವನ್ನು ಕೊನೆಗೆ ಸೇರಿಸಿದ್ದೇನೆ. ಇಲಾಖೆಯ ಉತ್ತರ ಬೇಕಾದವರು ಸುತ್ತೋಲೆ ನೋಡಿ. ಇಲ್ಲಿರುವುದು ಕ್ಲಾಸಿನ ಒಳಗಿನ ಉತ್ತರ.

ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಕಲಿತು ಬಂದರೂ ಎಂಟನೇ ಕ್ಲಾಸಿನಲ್ಲಿ ಒಂದು ಸಾಲು ಓದಲು ಬರುವುದಿಲ್ಲ. ಯಾಕೆ ಹೀಗೆ?

ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದಿದ್ದು 2007ರಲ್ಲಿ. ಅದಕ್ಕೂ ಮುಂಚೆ ಐದನೇ ಕ್ಲಾಸಿಗೆ ಎಬಿಸಿಡಿ ಶುರುವಾಗುತ್ತಿತ್ತು. ಹಾಗಾಗಿ ಲೆಕ್ಕಕ್ಕೆ ಏಳು ವರ್ಷ ಆಗಿರುತ್ತದೆ, ನಿಜ. ಆದರೆ ನಮ್ಮ ಕಡೆಯ ಎಷ್ಟೋ ಪ್ರೈಮರಿ ಶಾಲೆಗಳಲ್ಲಿ ಇರುವುದೇ ಒಬ್ಬರೋ ಇಬ್ಬರೋ ಟೀಚರ್. ನಾಲ್ಕೈದು ಕ್ಲಾಸನ್ನು ಒಟ್ಟಿಗೆ ಕೂರಿಸಿಕೊಂಡು, ಬಿಸಿಯೂಟದ ಲೆಕ್ಕ ಬರೆದು, ಮಧ್ಯೆ ಸಿಕ್ಕ ಹೊತ್ತಿನಲ್ಲಿ ಇಂಗ್ಲಿಷ್ ಹೇಳಿಕೊಡಬೇಕು. ಅವರನ್ನು ಬೈದು ಪ್ರಯೋಜನವಿಲ್ಲ.

ಇನ್ನೊಂದು ಲೆಕ್ಕ ನೋಡಿ. ಮನೆ, ತೋಟ, ಬಸ್ಸು, ಸಂತೆ, ಎಲ್ಲೂ ಈ ಮಕ್ಕಳ ಕಿವಿಗೆ ಇಂಗ್ಲಿಷ್ ಮಾತು ಬೀಳುವುದಿಲ್ಲ. ಹೈಸ್ಕೂಲಿನಲ್ಲಿ ವಾರಕ್ಕೆ ಐದಾರು ಪೀರಿಯಡ್, ಒಂದೊಂದು ಸುಮಾರು ನಲವತ್ತು ನಿಮಿಷ. ಅವರಿಗೆ ಸಿಗುವ ಇಂಗ್ಲಿಷ್ ಅಷ್ಟೇ. ಅದರಲ್ಲಿ ಮೂವತ್ತು ನಿಮಿಷ ನಾವು ಕನ್ನಡದಲ್ಲಿ ವಿವರಿಸುತ್ತಾ ನಿಂತರೆ ಉಳಿಯುವುದು ಹತ್ತು. ಕೆಳಗಿನ ಅರ್ಧ ಉತ್ತರಗಳು ಈ ಲೆಕ್ಕದಿಂದಲೇ ಹುಟ್ಟಿದ್ದು.

ಹಾಗಾದ್ರೆ ಎಂಟನೇ ಕ್ಲಾಸಿನಲ್ಲಿ ಎಲ್ಲಿಂದ ಶುರು ಮಾಡಲಿ?

ಜೂನ್‌ನಲ್ಲಿ ಹೇಗೂ ಸೇತುಬಂಧ, ಅಂದರೆ ಹಿಂದಿನ ಕ್ಲಾಸಿನ ಕಲಿಕೆ ನೋಡಿ ಸರಿಪಡಿಸುವ ಕಾರ್ಯಕ್ರಮ, ಇರುತ್ತದೆ. ಅದನ್ನು ಕಾಗದದ ಮೇಲೆ ಮುಗಿಸಬೇಡಿ. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಒಂದು ನಿಮಿಷ ಓದಿಸಿ. ಯಾರಿಗೆ ಓದಲು ಬರುತ್ತದೆ, ಯಾರು ನೆನಪಿನಿಂದ ಒಪ್ಪಿಸುತ್ತಿದ್ದಾರೆ ಎಂದು ತಕ್ಷಣ ಗೊತ್ತಾಗುತ್ತದೆ.

ಓದಲು ಬಾರದ ಹುಡುಗನ ಬೆರಳು ನೋಡಿ. ಪದದ ಮೇಲೆ ಬೆರಳಿಟ್ಟು 'ಎಸ್, ಎ, ಟಿ' ಎನ್ನುತ್ತಾನೆ. ಆಮೇಲೆ ನಿಮ್ಮ ಮುಖ ನೋಡುತ್ತಾನೆ. ಅವನ ತಪ್ಪೇನೂ ಇಲ್ಲ. ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ಉಚ್ಚಾರ. 'ಕ' ಎಂದರೆ 'ಕ'. ಇಂಗ್ಲಿಷ್‌ನಲ್ಲಿ ಹಾಗಲ್ಲ. 'ಡಬ್ಲ್ಯೂ' ಎಂಬ ಹೆಸರಿನಲ್ಲಿ 'ವ' ಎಲ್ಲಿದೆ ಹೇಳಿ? ಹೆಸರು ಬೇರೆ, ಸದ್ದು ಬೇರೆ ಎಂದು ಅವನಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ಎಸ್, ಎ, ಟಿ, ಪಿ, ಐ, ಎನ್, ಈ ಆರು ಅಕ್ಷರಗಳ ಸದ್ದು ಮೊದಲು ಕಲಿಸಿ. ಸಿಟ್, ಪಿನ್, ಟಿನ್, ಟ್ಯಾಪ್, ಪ್ಯಾನ್, ಸ್ಪಿನ್ ಎಂದು ಪದಗಳು ತಾವಾಗಿ ಬರುತ್ತವೆ. ದಿನಾ ಪೀರಿಯಡ್‌ನ ಮೊದಲ ಹತ್ತು ನಿಮಿಷ ಇದಕ್ಕೆ ಕೊಟ್ಟರೆ ದಸರಾ ರಜೆಯ ಹೊತ್ತಿಗೆ ಬಹಳಷ್ಟು ಮಕ್ಕಳು ಚಿಕ್ಕ ಪದಗಳನ್ನು ಕೂಡಿಸಿ ಓದುತ್ತಾರೆ. ಎಂಟನೇ ಕ್ಲಾಸಿನವರಿಗೆ ಇದು ಅವಮಾನ ಅನ್ನಿಸಬಾರದು. ಆದ್ದರಿಂದ ಚಿಕ್ಕ ಮಕ್ಕಳ ಚಿತ್ರದ ಪುಸ್ತಕ ಬೇಡ. ಕಪ್ಪು ಹಲಗೆ ಸಾಕು.

ಮಕ್ಕಳು ಇಂಗ್ಲಿಷ್ ಪದಗಳ ಮೇಲೆ ಕನ್ನಡದಲ್ಲಿ ಬರೆದುಕೊಳ್ಳುತ್ತಾರೆ. ಬಿಡಿಸಬೇಕಾ?

ಪೆನ್ಸಿಲ್‌ನಲ್ಲಿ ಬರೆದುಕೊಳ್ಳಲಿ. ವಾರದ ಕೊನೆಗೆ ಇಡೀ ಪುಟ ಅಳಿಸಿ ಓದಬೇಕು ಎನ್ನುವ ನಿಯಮ ಮಾಡಿ. ಪೆನ್ನಿನಲ್ಲಿ ಬರೆದರೆ ಮಾತ್ರ ತಕರಾರು ಮಾಡಿ. ಯಾಕೆಂದರೆ ಆಮೇಲೆ ಕಣ್ಣು ಇಂಗ್ಲಿಷ್ ಅಕ್ಷರದ ಮೇಲೆ ಹೋಗುವುದೇ ಇಲ್ಲ.

ಇಂಗ್ಲಿಷ್ ಪೀರಿಯಡ್‌ನಲ್ಲಿ ಕನ್ನಡ ಮಾತಾಡಬಹುದಾ?

ಮಾತಾಡಬಹುದು. 'ಕನ್ನಡ ಮಾತಾಡಿದರೆ ದಂಡ' ಎನ್ನುವ ಶಾಲೆಗಳನ್ನು ಕಂಡರೆ ನನಗೆ ಆಗುವುದಿಲ್ಲ. ಹಾಗೆ ಮಾಡಿದರೆ ಮಕ್ಕಳು ಇಂಗ್ಲಿಷ್ ಮಾತಾಡುವುದಿಲ್ಲ, ಸುಮ್ನೆ ಕೂರುತ್ತಾರೆ ಅಷ್ಟೇ. ಒಂದು ಕಷ್ಟದ ಪದದ ಅರ್ಥ, ಒಂದು ಆಟದ ನಿಯಮ, ಅಳುತ್ತಿರುವ ಮಗುವಿಗೆ ಸಮಾಧಾನ, ಇದೆಲ್ಲ ಕನ್ನಡದಲ್ಲೇ ಆಗಲಿ.

ಆದರೆ ಒಂದು ಅಭ್ಯಾಸ ಮಾತ್ರ ಬಿಡಿ. ಪಾಠದ ಒಂದು ಸಾಲು ಓದುವುದು, ಅದರ ಕನ್ನಡ ಹೇಳುವುದು, ಮುಂದಿನ ಸಾಲಿಗೆ ಹೋಗುವುದು. ನಮ್ಮಲ್ಲಿ ಹೆಚ್ಚಿನವರು ಹಾಗೇ ಕಲಿತದ್ದು, ಹಾಗೇ ಕಲಿಸುವುದು. ಪಾಠ ಬೇಗ ಮುಗಿಯುತ್ತದೆ, ಕಥೆಯೂ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಮಕ್ಕಳು ಅರ್ಥ ಮಾಡಿಕೊಂಡಿದ್ದು ನಿಮ್ಮ ಕನ್ನಡವನ್ನು. ಮುಂದಿನ ಸಾಲಿನ ಕನ್ನಡ ಹೇಗೂ ಬರುತ್ತದೆ ಎಂದು ಗೊತ್ತಿದ್ದರೆ ಇಂಗ್ಲಿಷ್ ಸಾಲಿಗೆ ಕಿವಿಗೊಡುವವರು ಯಾರು? ಅದರ ಬದಲು ಪಾಠದ ಕಥೆಯನ್ನು ಮೊದಲೇ ಐದು ನಿಮಿಷ ಕನ್ನಡದಲ್ಲಿ ಹೇಳಿಬಿಡಿ. ಆಮೇಲೆ ಪುಸ್ತಕ ಬಿಡಿಸಿ, ಪೂರ್ತಿ ಇಂಗ್ಲಿಷ್‌ನಲ್ಲೇ ಹೋಗಿ. ಕಥೆ ಗೊತ್ತಿರುವುದರಿಂದ ಸಾಲುಗಳನ್ನು ಅವರೇ ಊಹಿಸಿಕೊಳ್ಳುತ್ತಾರೆ.

ಅನುವಾದ ಬಿಟ್ಟರೆ ಕ್ಲಾಸಿನಲ್ಲಿ ಮಾಡುವುದಾದರೂ ಎಂತ?

ಕೆಲಸ ಕೊಡಿ. ಇಂಗ್ಲಿಷ್ ಓದದಿದ್ದರೆ ಮುಗಿಯದಂಥ ಕೆಲಸ.

ಇದು ನಾನು ಹುಟ್ಟಿಸಿದ ಉಪಾಯ ಅಲ್ಲ, ವಿದೇಶದಿಂದ ಬಂದದ್ದೂ ಅಲ್ಲ. ಇಂಗ್ಲಿಷ್ ಕಲಿಕೆಯ ಬಗ್ಗೆ ಎಲ್ಲೇ ಚರ್ಚೆ ನಡೆದರೂ 'ಬೆಂಗಳೂರು ಪ್ರಾಜೆಕ್ಟ್' ಎಂಬ ಹೆಸರು ಬರುತ್ತದೆ. ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಮಾಮೂಲಿ ಶಾಲೆಗಳಲ್ಲೇ ನಡೆಸಿದ ಪ್ರಯೋಗ ಅದು. ಅಲ್ಲಿ ಗ್ರಾಮರ್ ಪಾಠ ಇರಲಿಲ್ಲ. ಮಕ್ಕಳಿಗೆ ರೈಲ್ವೆ ಟೈಮ್‌ಟೇಬಲ್, ನಕ್ಷೆ ಇಂಥವನ್ನು ಕೊಟ್ಟು ಇಂಗ್ಲಿಷ್‌ನಲ್ಲಿ ಪ್ರಶ್ನೆ ಕೇಳುತ್ತಿದ್ದರು. ಗಮನವೆಲ್ಲ ಉತ್ತರ ಹುಡುಕುವುದರ ಮೇಲೆ. ಭಾಷೆ ಅದರ ಜೊತೆಗೇ ಒಳಗೆ ಇಳಿಯುತ್ತದೆ ಎನ್ನುವುದು ಅವರ ವಾದ. ಜಗತ್ತಿನಾದ್ಯಂತ ಇವತ್ತು ಟಾಸ್ಕ್ ಆಧಾರಿತ ಕಲಿಕೆ ಎಂದು ಕರೆಯುವುದಕ್ಕೆ ಇದು ಮೊದಲ ದೊಡ್ಡ ಪ್ರಯೋಗಗಳಲ್ಲಿ ಒಂದು. ಬಿ.ಎಡ್‌.ನಲ್ಲಿ ಎಲ್ಲರೂ ಓದಿರುತ್ತಾರೆ, ಕ್ಲಾಸಿಗೆ ತರುವವರು ಕಡಿಮೆ.

ನಮ್ಮಲ್ಲಿ ರೈಲಿಗಿಂತ ಬಸ್ಸೇ ಜಾಸ್ತಿ ಅಲ್ವಾ? ಬೋರ್ಡಿನ ಮೇಲೆ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗುವ ನಾಲ್ಕು ಬಸ್ಸು, ವಾಪಸ್ ಬರುವ ನಾಲ್ಕು ಬಸ್ಸಿನ ಹೊತ್ತು ಬರೆಯಿರಿ. ಹೊತ್ತು ನೀವೇ ಹಾಕಿದರೂ ನಡೆಯುತ್ತದೆ. ಕೆಳಗೆ ಇಂಗ್ಲಿಷ್‌ನಲ್ಲಿ ಒಂದು ಸಮಸ್ಯೆ: ಅಜ್ಜಿಗೆ ಶಿವಮೊಗ್ಗದಲ್ಲಿ ಒಂಬತ್ತೂವರೆಗೆ ಡಾಕ್ಟರ್ ಬಳಿ ಹೋಗಬೇಕು, ಆಮೇಲೆ ಎರಡು ಗಂಟೆ ಕೆಲಸ ಇದೆ, ಕತ್ತಲಾಗುವ ಮೊದಲು ಮನೆ ಸೇರಬೇಕು. ಯಾವ ಬಸ್ಸು ಹತ್ತಬೇಕು?

ಎಂಟು ಗಂಟೆಯ ಬಸ್ಸು ಯಾಕೆ ಬೇಡ ಎಂದು ಕೇಳಿದರೆ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಲ್ಲುತ್ತಾಳೆ. 'ಸಾರ್, ಎಯ್ಟ್ ಓ ಕ್ಲಾಕ್ ಬಸ್ ಗೋ, ಲೇಟ್.' ನೀವು ತಿದ್ದಬೇಡಿ. 'ಇಫ್ ಶಿ ಟೇಕ್ಸ್ ದಿ ಎಯ್ಟ್ ಓ ಕ್ಲಾಕ್ ಬಸ್, ಶಿ ವಿಲ್ ಬಿ ಲೇಟ್? ವೈ?' ಎಂದು ಕೇಳಿ. 'ರೀಚ್ ನೈನ್ ಫಾರ್ಟಿಫೈವ್. ಡಾಕ್ಟರ್ ನೈನ್ ತರ್ಟಿ.' ಅವಳ ಲೆಕ್ಕ ಸರಿ ಇದೆ. ಇಂಗ್ಲಿಷ್ ಮುರುಕು ಇದೆ, ಆದರೆ ಅವಳು ಈಗ ಇಂಗ್ಲಿಷ್‌ನಲ್ಲಿ ಯೋಚಿಸಿ ಇಂಗ್ಲಿಷ್‌ನಲ್ಲಿ ಜವಾಬು ಕೊಟ್ಟಳು. ಗೈಡಿನ ಪ್ರಶ್ನೋತ್ತರ ಬಾಯಿಪಾಠ ಮಾಡಿಸಿದ್ದರೆ ಇದು ಆಗುತ್ತಿರಲಿಲ್ಲ.

ಪ್ರಭು ಅವರ ಕ್ರಮದಲ್ಲಿ ಒಂದು ಟಾಸ್ಕನ್ನು ಮೊದಲು ಇಡೀ ಕ್ಲಾಸಿನ ಎದುರು ಟೀಚರ್ ಮಾಡಿ ತೋರಿಸುತ್ತಾರೆ. ಅದೇ ಥರದ ಇನ್ನೊಂದನ್ನು ಮಕ್ಕಳು ಒಬ್ಬೊಬ್ಬರೇ ಮಾಡುತ್ತಾರೆ. ಸುಮಾರು ಅರ್ಧ ಮಕ್ಕಳು ಅರ್ಧದಷ್ಟು ಸರಿ ಮಾಡಿದರೆ ಪಾಠ ಗೆದ್ದಂತೆ. ಐವತ್ತು ಮಕ್ಕಳ ಕ್ಲಾಸಿಗೆ ಇದಕ್ಕಿಂತ ನೆಮ್ಮದಿಯ ಅಳತೆ ನನಗೆ ಗೊತ್ತಿಲ್ಲ.

ಇನ್ನೂ ಒಂದೆರಡು ಉದಾಹರಣೆ ಕೊಡಿ.

ಅಡಿಕೆ ಧಾರಣೆ. ಪೇಪರಿನಲ್ಲಿ ಶಿವಮೊಗ್ಗ ಮಾರುಕಟ್ಟೆಯ ದರ ಬರುತ್ತದಲ್ಲ, ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಯ ಒಂದೊಂದು ಬಗೆಗೆ. ಅದನ್ನು ಬೋರ್ಡಿಗೆ ಏರಿಸಿ. 'ಸರಕು ಈಸ್ ಕಾಸ್ಟ್ಲಿಯರ್ ದ್ಯಾನ್ ಬೆಟ್ಟೆ.' 'ಗೊರಬಲು ಈಸ್ ದಿ ಚೀಪೆಸ್ಟ್.' ಪರೀಕ್ಷೆಗೆ ಬರುವ ಡಿಗ್ರೀಸ್ ಆಫ್ ಕಂಪ್ಯಾರಿಸನ್ ಅರ್ಧ ಪೀರಿಯಡ್‌ನಲ್ಲಿ ಮುಗಿಯುತ್ತದೆ. ಅದೂ ಯಾವತ್ತೂ ಬಾಯಿ ಬಿಡದ ಹುಡುಗರೇ ಇಲ್ಲಿ ಮುಂದೆ ಬರುತ್ತಾರೆ. ದರದ ವಿಷಯದಲ್ಲಿ ಅವರು ನಿಮ್ಮನ್ನೇ ತಿದ್ದುತ್ತಾರೆ.

ಔಷಧಿ ಡಬ್ಬಿಯ ಲೇಬಲ್, ಗೊಬ್ಬರದ ಚೀಲದ ಮೇಲಿನ ಬರಹ, ಮೊಬೈಲ್ ರೀಚಾರ್ಜ್‌ನ ಮೆಸೇಜ್, ಎಲ್ಲವೂ ಪಾಠವೇ.

ತಪ್ಪು ಮಾತಾಡಿದಾಗ ತಿದ್ದದೆ ಬಿಟ್ಟರೆ ಅದೇ ಉಳಿದುಬಿಡುವುದಿಲ್ವಾ?

ಮಾತಾಡುವಾಗ ತಿದ್ದಬೇಡಿ, ಸರಿಯಾದ ರೂಪವನ್ನು ನಿಮ್ಮ ಮಾತಿನಲ್ಲಿ ವಾಪಸ್ ಹೇಳಿ. ಬರವಣಿಗೆಯಲ್ಲಿ ತಿದ್ದಿ, ಆದರೆ ಒಂದು ಸಲಕ್ಕೆ ಒಂದೇ ಬಗೆಯ ತಪ್ಪು. ಇಡೀ ನೋಟ್‌ಬುಕ್ ಕೆಂಪು ಮಾಡಿದರೆ ಮಗು ಮುಂದಿನ ಸಲ ಗೈಡ್ ನೋಡಿ ಬರೆದುಕೊಂಡು ಬರುತ್ತದೆ.

ನಮ್ಮ ಮಕ್ಕಳು ಯಾವ ತಪ್ಪುಗಳನ್ನು ಜಾಸ್ತಿ ಮಾಡುತ್ತಾರೆ? ಗ್ರಾಮರ್ ಕಲಿಸುವುದೇ ಬೇಡವಾ?

ಕಲಿಸಬೇಕು, ಆದರೆ ಯಾವ ತಪ್ಪು ಎಲ್ಲಿಂದ ಬಂತು ಎಂದು ನೋಡಿ ಕಲಿಸಬೇಕು. 'ಅವರು ಡಾಕ್ಟರ್' ಎನ್ನುವ ವಾಕ್ಯಕ್ಕೆ ಕನ್ನಡದಲ್ಲಿ ಕ್ರಿಯಾಪದ ಬೇಡ. ಹಾಗಾಗಿ 'ಹಿ ಡಾಕ್ಟರ್' ಎಂದು ಬರೆಯುತ್ತಾರೆ. 'ನನಗೆ ಇಬ್ಬರು ತಂಗಿಯರು ಇದ್ದಾರೆ' ಎಂಬುದು 'ಮಿ ಟು ಸಿಸ್ಟರ್ಸ್ ಆರ್ ದೇರ್' ಆಗುತ್ತದೆ. ಕ್ರಿಯಾಪದ ನಮ್ಮಲ್ಲಿ ಕೊನೆಗೆ, ಅವರಲ್ಲಿ ಮಧ್ಯಕ್ಕೆ. 'ಮೇಲೆ', 'ಒಳಗೆ' ನಮ್ಮಲ್ಲಿ ಪದದ ನಂತರ, ಅವರಲ್ಲಿ ಮೊದಲು. 'ಅಲ್ವಾ' ಎಲ್ಲಾ ಕಡೆ ನಡೆಯುತ್ತದೆ, ಆದ್ದರಿಂದ ಎಲ್ಲದಕ್ಕೂ 'ಈಸಂಟ್ ಇಟ್' ಅಂಟಿಸುತ್ತಾರೆ. ಕ್ವೆಶ್ಚನ್ ಟ್ಯಾಗ್‌ನಲ್ಲಿ ಅಂಕ ಹೋಗುವುದು ಹೀಗೆ.

ಇವನ್ನು ಕನ್ನಡ ವಾಕ್ಯದ ಪಕ್ಕದಲ್ಲಿಟ್ಟು ತೋರಿಸಿದರೆ ಬೇಗ ತಲೆಗೆ ಹೋಗುತ್ತದೆ. ಕನ್ನಡ ನಿಜವಾಗಿ ಉಪಯೋಗಕ್ಕೆ ಬರುವ ಜಾಗ ಇದು. ಎ, ಆನ್, ದಿ ಬಗ್ಗೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ. ಕನ್ನಡದಲ್ಲಿ ಅಂಥದ್ದಿಲ್ಲ. ಹತ್ತನೇ ಕ್ಲಾಸ್ ಮುಗಿದರೂ ಪೂರ್ತಿ ಬರುವುದಿಲ್ಲ. 'ಹಿ ಗೋಸ್' ಎನ್ನುವಲ್ಲಿನ ಕೊನೆಯ ಎಸ್ ಕೂಡ ಹಾಗೇ. ಯಾವ ಭಾಷೆಯ ಮಕ್ಕಳಿಗೂ ಅದು ತಡವಾಗಿಯೇ ಬರುವುದು.

ಉಚ್ಚಾರಣೆ?

ಕನ್ನಡದವರಿಗೆ ಒಂದು ಅನುಕೂಲ ಇದೆ. ಎ-ಏ, ಒ-ಓ ಎಂಬ ಗಿಡ್ಡ-ಉದ್ದದ ವ್ಯತ್ಯಾಸ ನಮಗೆ ಹುಟ್ಟಿನಿಂದಲೇ ಗೊತ್ತು. ಹಿಂದಿಯವರು ಇದಕ್ಕೆ ಕಷ್ಟಪಡುತ್ತಾರೆ. ತೊಂದರೆ ಬೇರೆ ಕಡೆ ಇದೆ. ಪದದ ಕೊನೆಗೆ 'ಉ' ಸೇರಿಸುವುದು (ಬುಕ್ಕು, ರೋಡು), 'ಎಗ್' ಎನ್ನುವಲ್ಲಿ 'ಯೆಗ್', 'ಓನ್ಲಿ' ಎನ್ನುವಲ್ಲಿ 'ವೋನ್ಲಿ'. ಇವು ಕೇಳುವವರಿಗೆ ಅರ್ಥವಾಗುತ್ತವೆ, ಹಾಗಾಗಿ ನಗಬೇಡಿ, ಯಾರಿಗೂ ನಗಲು ಬಿಡಬೇಡಿ. ಒತ್ತಿನ ಕಡೆ ಗಮನ ಕೊಡಿ. ನಾವು ಪದದ ಎಲ್ಲಾ ಭಾಗವನ್ನೂ ಸಮನಾಗಿ ಹೇಳುತ್ತೇವೆ, ಇಂಗ್ಲಿಷ್‌ನಲ್ಲಿ ಒಂದು ಕಡೆ ಜೋರು, ಉಳಿದ ಕಡೆ ಮೆತ್ತಗೆ. ಡೆಸ್ಕ್ ತಟ್ಟಿ ಹೇಳಿಸಿದರೆ ಸಾಕು. ಬ್ರಿಟಿಷ್ ಆಕ್ಸೆಂಟ್ ಯಾರಿಗೂ ಬೇಡ.

ಜುಲೈ ಮಳೆಯಲ್ಲಿ ನನ್ನ ಮಾತೇ ಕೇಳಿಸುವುದಿಲ್ಲ. ಏನು ಮಾಡಲಿ?

ಬಯಲುಸೀಮೆಯಿಂದ ಬಂದವರು ಇದನ್ನು ಕೇಳಿಯೇ ಕೇಳುತ್ತಾರೆ. ಆಗುಂಬೆ, ಹುಲಿಕಲ್ ಕಡೆ ತಗಡಿನ ಶೀಟಿನ ಮೇಲೆ ಮಳೆ ಸುರಿಯಲು ಶುರುವಾದರೆ ಮೂರನೇ ಬೆಂಚಿಗೆ ಮಾತು ತಲುಪುವುದಿಲ್ಲ. ಗಂಟಲು ಹರಿದುಕೊಳ್ಳಬೇಡಿ. ಆ ಎರಡು ತಿಂಗಳು ಓದು ಮತ್ತು ಬರಹಕ್ಕೆ ಇಡಿ.

ಓಡುವ ಡಿಕ್ಟೇಶನ್ ಚೆನ್ನಾಗಿ ನಡೆಯುತ್ತದೆ. ಎಂಟು ಸಾಲಿನ ಒಂದು ಇಂಗ್ಲಿಷ್ ಪ್ಯಾರಾವನ್ನು ಗೋಡೆಗೆ ಅಂಟಿಸಿ. ಜೋಡಿಯಲ್ಲಿ ಒಬ್ಬ ಹೋಗಿ ಒಂದು ಸಾಲು ನೆನಪಿಟ್ಟುಕೊಂಡು ಬಂದು ಇನ್ನೊಬ್ಬನ ಕಿವಿಯಲ್ಲಿ ಹೇಳಬೇಕು, ಅವನು ಬರೆಯಬೇಕು. ಮಳೆ ಎಷ್ಟೇ ಜೋರಿದ್ದರೂ ಕಿವಿಯ ಹತ್ತಿರ ಹೇಳಿದ್ದು ಕೇಳುತ್ತದೆ. ನೆಲ ಒದ್ದೆಯಾಗಿದ್ದರೆ ಓಡುವುದು ಬೇಡ, ನಡೆಯಲಿ. ಕರೆಂಟ್ ಇರುವುದಿಲ್ಲ, ಆದ್ದರಿಂದ ಸ್ಮಾರ್ಟ್ ಬೋರ್ಡ್ ನಂಬಿಕೊಂಡು ಪಾಠ ಯೋಜನೆ ಬರೆಯಬೇಡಿ. ಮಳೆ ರಜೆಗಳನ್ನು ಆಮೇಲೆ ಶನಿವಾರ ಮಧ್ಯಾಹ್ನ ತುಂಬಿಸಬೇಕಾಗುತ್ತದೆ. ಆ ಪೀರಿಯಡ್‌ಗಳನ್ನು ಸುಮ್ಮನೆ ಕಥೆ ಪುಸ್ತಕ ಓದಲು ಬಿಡಿ. ಹೊಸ ಪಾಠ ಬೇಡ, ಯಾರ ತಲೆಗೂ ಹೋಗುವುದಿಲ್ಲ.

ಅಡಿಕೆ ಕೊನೆ ಕೊಯ್ಲಿನ ಸಮಯದಲ್ಲಿ ಮಕ್ಕಳೇ ಬರುವುದಿಲ್ಲ.

ಬರುವುದಿಲ್ಲ, ನಿಜ. ರಾತ್ರಿ ಅಡಿಕೆ ಸುಲಿದು ಬಂದವರು ಮೊದಲ ಪೀರಿಯಡ್‌ನಲ್ಲಿ ತೂಕಡಿಸುತ್ತಾರೆ. ಪದ್ಯ, ಪತ್ರ ಬರೆಯುವುದು, ಹೀಗೆ ಒಂದು ದಿನ ತಪ್ಪಿದರೂ ಕೊಂಡಿ ಕಳಚದ ಪಾಠಗಳನ್ನು ಆ ವಾರಗಳಿಗೆ ಇಟ್ಟುಕೊಳ್ಳಿ. ಉದ್ದ ಗದ್ಯ ಪಾಠ ಇಡಬೇಡಿ.

ಎಸ್ಎಸ್ಎಲ್‌ಸಿ ಪಾಸಾಗಬೇಕಲ್ಲ? ಟಾಸ್ಕ್ ಮಾಡುತ್ತಾ ಕೂತರೆ ರಿಸಲ್ಟ್ ಏನಾಗುತ್ತೆ?

ಹೆಡ್‌ಮಾಸ್ಟರ್ ಕೇಳುವ ಪ್ರಶ್ನೆ. ದ್ವಿತೀಯ ಭಾಷೆ ಇಂಗ್ಲಿಷ್‌ಗೆ 100 ಅಂಕ. ಅದರಲ್ಲಿ 80 ಬರವಣಿಗೆ, 20 ಆಂತರಿಕ. ಪತ್ರ, ಪ್ರೊಫೈಲ್ (ಕೊಟ್ಟ ವಿವರದಿಂದ ಒಬ್ಬರ ಪರಿಚಯ ಬರೆಯುವುದು), ಚಿತ್ರ ನೋಡಿ ಬರೆಯುವುದು, ಪದ್ಯ ಕಂಠಪಾಠ, ಪಾಠದಲ್ಲಿಲ್ಲದ 'ಕಾಣದ ಪ್ಯಾರಾ' ಓದಿ ಉತ್ತರಿಸುವುದು, ಇವೆಲ್ಲ ಪ್ರತಿ ವರ್ಷ ಬರುವಂಥವು. ಡಿಸೆಂಬರ್ ನಂತರ ಪಾಸಿಂಗ್ ಪ್ಯಾಕೇಜ್ (ಪಾಸಾಗುವಷ್ಟು ಅಂಕಕ್ಕೆ ಆಯ್ದ ಪ್ರಶ್ನೆಗಳ ಅಭ್ಯಾಸ) ಮಾಡುವುದು ಇದನ್ನೇ ನೋಡಿ. ಹಿಂದುಳಿದ ಮಕ್ಕಳಿಗೆ ಪ್ಯಾಕೇಜ್ ಮಾಡಿ, ತಪ್ಪೇನಿಲ್ಲ. ಪಾಸಾಗದಿದ್ದರೆ ಒಬ್ಬ ಹುಡುಗಿಯ ಓದು ಅಲ್ಲಿಗೇ ನಿಲ್ಲಬಹುದು.

ನನ್ನ ತಕರಾರು ಇಷ್ಟೇ. ಪ್ಯಾಕೇಜನ್ನು ಎಂಟನೇ ಕ್ಲಾಸಿನಿಂದ ಶುರು ಮಾಡಬೇಡಿ. ಮೇಲೆ ಹೇಳಿದ ಪಟ್ಟಿ ನೋಡಿ. ಕಾಣದ ಪ್ಯಾರಾ, ಚಿತ್ರ, ಇವು ಬಾಯಿಪಾಠಕ್ಕೆ ಸಿಗುವಂಥವಲ್ಲ. ಎರಡು ವರ್ಷ ಬಸ್ಸಿನ ಟೈಮು, ಅಡಿಕೆ ದರ ಓದಿದ ಮಗುವಿಗೆ ಕಾಣದ ಪ್ಯಾರಾ ಭಯ ಹುಟ್ಟಿಸುವುದಿಲ್ಲ. 2023-24ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿ ಬಂದ ಮೇಲೆ ಒಂದು ಸಲ ಎಡವಿದರೂ ಅದೇ ವರ್ಷ ಮತ್ತೆ ಬರೆಯಬಹುದು. ಇದನ್ನು ಮಕ್ಕಳಿಗೆ ಫೆಬ್ರವರಿಯಲ್ಲೇ ಹೇಳಿ, ಅರ್ಧ ಹೆದರಿಕೆ ಇಳಿಯುತ್ತದೆ.

ಕ್ಲಾಸಿನಲ್ಲಿ ಕನ್ನಡವೂ ಮನೆಮಾತಲ್ಲದ ಮಕ್ಕಳಿದ್ದಾರೆ.

ಭದ್ರಾವತಿಯಲ್ಲಿ ತಮಿಳು, ಶಿಕಾರಿಪುರದ ತಾಂಡಾಗಳಲ್ಲಿ ಲಂಬಾಣಿ, ಎಲ್ಲಾ ಕಡೆ ಉರ್ದು, ಅಲ್ಲಲ್ಲಿ ಕೊಂಕಣಿ, ತುಳು. ಇವರಿಗೆ ಇಂಗ್ಲಿಷ್ ಮೂರನೆಯದೋ ನಾಲ್ಕನೆಯದೋ ಭಾಷೆ. ಇವರು ಹಿಂದೆ ಬೀಳುತ್ತಾರೆ ಎಂದು ಮೊದಲೇ ತೀರ್ಮಾನಿಸಬೇಡಿ. ಒಂದು ಭಾಷೆಯಿಂದ ಇನ್ನೊಂದಕ್ಕೆ ಜಿಗಿಯುವ ಅಭ್ಯಾಸ ಅವರಿಗೆ ಚಿಕ್ಕ ವಯಸ್ಸಿನಿಂದಲೇ ಇದೆ. ಕನ್ನಡದಲ್ಲಿ ಅರ್ಥ ಹೇಳಿದಾಗ ಅದು ಅವರಿಗೂ ತಲುಪಿತಾ ಎಂದು ಮಾತ್ರ ನೋಡಿಕೊಳ್ಳಿ.

ನನ್ನ ಇಂಗ್ಲಿಷೇ ಅಷ್ಟಕ್ಕಷ್ಟೇ. ಸುಧಾರಿಸುವುದು ಹೇಗೆ?

ನಾಚಿಕೆ ಬೇಡ. ನಾವೂ ಇಂಥ ಶಾಲೆಗಳಿಂದಲೇ ಬಂದವರು. ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. 1963ರಲ್ಲಿ ಶುರುವಾಗಿದ್ದು. ಸರ್ಕಾರಿ ಶಾಲೆಯ ಟೀಚರ್‌ಗಳಿಗೆ ಅಲ್ಲಿ 30 ದಿನದ ತರಬೇತಿ ಕೊಡುತ್ತಾರೆ. ಹೆಸರು ಬಂದರೆ ತಪ್ಪಿಸಿಕೊಳ್ಳಬೇಡಿ. ಒಂದು ತಿಂಗಳು ಇಡೀ ದಿನ ಇಂಗ್ಲಿಷ್‌ನಲ್ಲೇ ಇರುವ ಅವಕಾಶ ಮತ್ತೆ ಸಿಗುವುದಿಲ್ಲ. ಉಳಿದಂತೆ ದಿನಾ ಒಂದು ಇಂಗ್ಲಿಷ್ ಪೇಪರ್ ಗಟ್ಟಿಯಾಗಿ ಓದಿ. ಶಿವಮೊಗ್ಗದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದರೆ ಡಯಟ್‌ನ ಕಾರ್ಯಾಗಾರಗಳಲ್ಲಿ ಊಟಕ್ಕಿಂತ ಉಪಯೋಗದ ಸಂಗತಿ ಎಂದರೆ ಪಕ್ಕದ ತಾಲೂಕಿನ ಮೇಷ್ಟ್ರ ವರ್ಕ್‌ಶೀಟುಗಳು. ಕೇಳಿ ತೆಗೆದುಕೊಳ್ಳಿ.

ಮಗಳನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿದ್ದರೆ ಚೆನ್ನಾಗಿತ್ತಾ ಮೇಷ್ಟ್ರೇ?

ಪ್ರತಿ ಪೋಷಕರ ಸಭೆಯಲ್ಲೂ ಬರುವ ಪ್ರಶ್ನೆ. ಒಂದರಿಂದ ನಾಲ್ಕರವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲೇ ಕಲಿಸಬೇಕೆಂಬ ರಾಜ್ಯದ ನೀತಿಯನ್ನು ಸುಪ್ರೀಂ ಕೋರ್ಟ್ 2014ರಲ್ಲಿ ತಳ್ಳಿಹಾಕಿತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ಶುರುವಾಯಿತು. ಆಯ್ಕೆ ನಿಮ್ಮದು. ನನ್ನ ಅಭಿಪ್ರಾಯ ಕೇಳಿದರೆ, ಟೀಚರಿಗೇ ಇಂಗ್ಲಿಷ್‌ನಲ್ಲಿ ವಿಜ್ಞಾನ ವಿವರಿಸಲು ಬರದ ಶಾಲೆಯಲ್ಲಿ ಮಗುವಿಗೆ ವಿಜ್ಞಾನವೂ ಬರುವುದಿಲ್ಲ, ಇಂಗ್ಲಿಷೂ ಬರುವುದಿಲ್ಲ. ಶಾಲೆಯ ಹೊರಗಿನ ಬೋರ್ಡ್ ನೋಡಿ ಸೇರಿಸಬೇಡಿ, ಒಂದು ಕ್ಲಾಸ್ ಹೊರಗೆ ನಿಂತು ಕೇಳಿ.

ಇಂಗ್ಲಿಷ್ ಹಿಂದೆ ಹೋದರೆ ಕನ್ನಡ ಹಾಳಾಗುತ್ತೆ ಅಂತಾರಲ್ಲ?

ಈ ಮಾತನ್ನು ಶಿವಮೊಗ್ಗ ಜಿಲ್ಲೆಯಲ್ಲಿ ನಿಂತು ಹೇಳುವುದು ಸ್ವಲ್ಪ ತಮಾಷೆ. ಕುಪ್ಪಳಿಯ ಕುವೆಂಪು ಮೊದಲು ಕವಿತೆ ಬರೆದದ್ದು ಇಂಗ್ಲಿಷ್‌ನಲ್ಲಿ. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಹೇಳಿದ ಮೇಲೆ ಕನ್ನಡಕ್ಕೆ ತಿರುಗಿದರು. ಮೇಳಿಗೆಯಲ್ಲಿ ಹುಟ್ಟಿದ ಅನಂತಮೂರ್ತಿ, ಕೊನಗವಳ್ಳಿಯ ಲಂಕೇಶ್, ಇಬ್ಬರೂ ಹೊಟ್ಟೆಪಾಡಿಗೆ ಇಂಗ್ಲಿಷ್ ಮೇಷ್ಟ್ರುಗಳೇ ಆಗಿದ್ದವರು. ಕನ್ನಡದಲ್ಲಿ ಚೆನ್ನಾಗಿ ಓದುವ ಮಗು ಇಂಗ್ಲಿಷನ್ನೂ ಬೇಗ ಓದುತ್ತದೆ. ಲೈಬ್ರರಿ ಪೀರಿಯಡ್‌ನಲ್ಲಿ ಕನ್ನಡ ಕಾದಂಬರಿ ಹಿಡಿದು ಕೂತವನಿಂದ ಪುಸ್ತಕ ಕಿತ್ತುಕೊಳ್ಳಬೇಡಿ.

ಮನೆಯಲ್ಲಿ ಇಂಗ್ಲಿಷ್ ಬರುವವರು ಯಾರೂ ಇಲ್ಲ. ನಾವೇನು ಮಾಡಬಹುದು?

ಟ್ಯೂಷನ್‌ಗೆ ದುಡ್ಡು ಹಾಕುವ ಮೊದಲು ಇದನ್ನು ಮಾಡಿ. ರಾತ್ರಿ ಹತ್ತು ನಿಮಿಷ ಮಗು ಪಾಠ ಗಟ್ಟಿಯಾಗಿ ಓದಲಿ. ಓದಿದ ಮೇಲೆ 'ಆಮೇಲೆ ಏನಾಯ್ತು?' ಎಂದು ಕನ್ನಡದಲ್ಲೇ ಕೇಳಿ. ನಿಮಗೆ ಇಂಗ್ಲಿಷ್ ಬರದಿರುವುದೇ ಇಲ್ಲಿ ಒಳ್ಳೆಯದು, ಯಾಕೆಂದರೆ ಮಗು ನಿಮಗೆ ಅರ್ಥ ಮಾಡಿಸಲೇಬೇಕು. ತೋಟಕ್ಕೆ ಹೊಡೆಯುವ ಔಷಧಿಯ ಡಬ್ಬಿ, ಗ್ಯಾಸ್ ಬುಕ್ ಆದ ಮೆಸೇಜ್, ಬ್ಯಾಂಕಿನಿಂದ ಬಂದ ಮೆಸೇಜ್, ಎಲ್ಲವನ್ನೂ ಮಗಳ ಕೈಲೇ ಓದಿಸಿ. ಒಟಿಪಿ ಬಂದರೆ ಮಾತ್ರ ಯಾರಿಗೂ ಓದಿ ಹೇಳಬೇಡ ಎಂದು ಮೊದಲೇ ಹೇಳಿಟ್ಟಿರಿ.